ತೇಲುಬಂಡಿಯ ಹರಕೆ

ಕೊಟ್ಟೂರಿನಲ್ಲಿ ಭಾನುವಾರ ಮಧ್ಯಾಹ್ನ ಮಂದಿ ಏನು ಮಾಡ್ತಾರೆ? ಉಂಡು ಮಲಗ್ತಾರೆ, ಇಲ್ಲಾ ಟಿವಿ ಮುಂದೆ ಕೂತು ತೂಕಡಿಸ್ತಾರೆ. ಹುಲುಗೇಶನ ಮನೆಯಲ್ಲಿ ಮಾತ್ರ ನಾಲ್ಕು ಮಂದಿ ಬೆಳೆದವರು, ದುಡಿದು ಕಾಸು ಎಣಿಸುವವರು, ಹಾಲಿನ ಟೈಲ್ಸ್ ಮೇಲೆ ಮೊಣಕಾಲೂರಿ ಸೋಡಾ ಬಾಟ್ಲಿಯ ಮುಚ್ಚಳಗಳನ್ನು ಸರಿಸುತ್ತಾ ಕೂಗಾಡುತ್ತಿದ್ದರು. ಬಾಜೂ ಮನೆಯವರು ಮೊದಮೊದಲು ಜಗಳ ಅಂದುಕೊಂಡು ಕಿಟಕಿಯಿಂದ ಇಣುಕಿದ್ದರು. ಈಗ ಇಣುಕುವುದನ್ನೂ ಬಿಟ್ಟಿದ್ದರು.

ಆಟ ಹುಲುಗೇಶನದೇ. ಐಟಿಐನಲ್ಲಿ ಹುಡುಗರಿಗೆ ಮೋಟಾರು ಬಿಚ್ಚಿ ಜೋಡಿಸುವುದನ್ನು ಕಲಿಸುವ ಮನುಷ್ಯ, ಮನೆಗೆ ಬಂದರೆ ಇಲ್ಲದ ಲೋಕಕ್ಕೆ ಇಲ್ಲದ ಬಂಡಿ ಕಟ್ಟುತ್ತಾ ಕೂಡುತ್ತಿದ್ದ. ಆ ಲೋಕದ ಹೆಸರು ಹೊಗೆಲೋಕ. ಅಲ್ಲಿ ನೆಲ ಅನ್ನುವುದಿದ್ದರೂ ನೆಲದ ಮೇಲೆಲ್ಲಾ ವಿಷದ ಮಂಜು, ಇಳಿದವನು ಮತ್ತೆ ಏಳುವುದಿಲ್ಲ. ಅದಕ್ಕೇ ಜನ ಕಂಬಗಳ ಮೇಲೆ ಊರು ಕಟ್ಟಿಕೊಂಡು, ತೇಲುಬಂಡಿಗಳಲ್ಲಿ ಓಡಾಡುತ್ತಾರೆ. ಆಡುವವರು ಒಬ್ಬೊಬ್ಬರೂ ಒಂದೊಂದು ವೇಷ ಹೊತ್ತು, ಆ ವೇಷದ ಬಾಯಲ್ಲೇ ಮಾತಾಡಬೇಕು. ಒಂದು ಟೈಲ್ಸು ಅಂದರೆ ಒಂದು ಹರದಾರಿ. ಬಾಟ್ಲಿ ಮುಚ್ಚಳ ಅಂದರೆ ಬಂಡಿ, ಅದಕ್ಕೆ ಮೇಣದಲ್ಲಿ ಅಂಟಿಸಿದ ಬೆಂಕಿಕಡ್ಡಿ ಅದರ ಮೂತಿ, ಪಕ್ಕದಲ್ಲಿಟ್ಟ ಹುಣಸೆಬೀಜ ಅದರ ಎತ್ತರ. ಅದೃಷ್ಟ ನೋಡಲು ಚೌಕಾಬಾರದ ಆರು ಕವಡೆ.

ಬಂಡಿ ನಡೆಸುವ ಕಾಯ್ದೆಗಳೋ, ಆರ್‌ಟಿಒ ಆಫೀಸಿನವರೂ ಕೈಮುಗಿಯಬೇಕು! ಒಂದು ಸರದಿಯಲ್ಲಿ ಒಂದೇ ಕೆಲಸ: ಏರು, ಇಲ್ಲಾ ಇಳಿ, ಇಲ್ಲಾ ಮೂತಿ ತಿರುಗಿಸು, ಇಲ್ಲಾ ಓಟ ಹೆಚ್ಚುಕಮ್ಮಿ ಮಾಡು. ಮೂತಿ ತಿರುಗಿಸಿದ ಕೂಡಲೇ ಬಂಡಿ ತಿರುಗಲ್ಲ. ಹಳೇ ದಿಕ್ಕಿಗೇ ಇನ್ನೊಂದು ಟೈಲ್ಸು ಜಾರಿ ಆಮೇಲೆ ಹೊಸ ಹಾದಿ ಹಿಡಿಯುತ್ತದೆ. ಎಲ್ಲಕ್ಕಿಂತ ಕಷ್ಟದ್ದು ನಿಲ್ಲುವುದು. ಗಾಳಿಯಲ್ಲಿ ಒಂದೇ ಕಡೆ ನಿಂತಿರಬೇಕಂದರೆ ಕವಡೆ ಒಗೆಯಬೇಕು, ಮೂರಾದರೂ ಬಾಯಿ ಮೇಲಾಗಿ ಬೀಳಬೇಕು. ಬೀಳದಿದ್ದರೆ ಒಂದು ಹುಣಸೆಬೀಜ ಹೋಯಿತು, ಬಂಡಿ ಅಷ್ಟು ಕೆಳಗೆ ಜಾರಿತು. ಕೊನೇ ಬೀಜವೂ ಹೋದರೆ ಮಂಜಿನೊಳಗೆ.

ಇಷ್ಟರ ಮೇಲೊಂದು ಕಾಯ್ದೆ ಗವಿಸಿದ್ದೇಶನ ದೆಸೆಯಿಂದ ಸೇರಿತ್ತು. ಅವನು ಮೊಬೈಲ್ ಅಂಗಡಿ ಇಟ್ಟವನು, ಮಾತು ತಿರುಗಿಸುವುದರಲ್ಲಿ ಎತ್ತಿದ ಕೈ. 'ಎಡಕ್ಕ' ಅಂದು, ಅಲ್ಲಿ ಬಂಡೆ ಐತಿ ಅಂತ ಗೊತ್ತಾದ ಕೂಡಲೇ 'ನಾ ಬಲಕ್ಕ ಅಂದ್ನೆಪಾ' ಅನ್ನುತ್ತಿದ್ದ. ರೋಸಿಹೋದ ಹುಲುಗೇಶ, 'ಬಂಡಿ ಮ್ಯಾಲೆ ಬೆರಳಿಟ್ಟು ಏನಂತೀರೋ ಅದು ಆಡಿದ್ದೇ. ವಾಪಸ್ ತಗಳಂಗಿಲ್ಲ' ಅಂತ ವಿಧಿಸಿದ. ಎಲ್ಲರೂ ಒಪ್ಪಿದರು. ಎಲ್ಲರಿಗಿಂತ ಮೊದಲು ಒಪ್ಪಿದವಳು ಅವನ ಹೆಂಡತಿ ಪ್ರಿಯಾ.

ಪ್ರಿಯಾ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವಳು. ಆಗ ಅವಳು ಬಸುರಿ, ಐದು ತಿಂಗಳು ತುಂಬಿ ಆರರಲ್ಲಿ. ಹಿಂದೊಂದು ಕೂಸು ಕೈಗೆ ಬರದೇ ಹೋಗಿತ್ತು; ಆ ಸಂಕಟ ಇನ್ನೂ ಹಸಿ. ಈ ಸಲ ನೆಲಕ್ಕೆ ಕಾಲಿಡಲೂ ಹೆದರುತ್ತಿದ್ದಳು. ಭಾನುವಾರದ ಆಟವೊಂದೇ ಆ ಹೆದರಿಕೆ ಮರೆಸುವ ಜಾಗ. ಹೊಗೆಲೋಕದಲ್ಲಿ ಅವಳು ಬಂಡಿ ನಡೆಸುವ ನಾಯಕಿ, ಯಾರಪ್ಪನಿಗೂ ಅಂಜದವಳು.

ಆ ಭಾನುವಾರ ಅವಳ ಬಂಡಿಯಲ್ಲಿ ಮಕ್ಕಳಿದ್ದರು. ಗಣಿಯ ಕಂಬ ಮುರಿದು ಬೀಳುವಾಗ ಎತ್ತಿಕೊಂಡು ಬಂದ ಮಕ್ಕಳು. ಕಂಬದೂರಿನ ಕಟ್ಟೆಗೆ ಬಂಡಿ ತಂದು ನಿಲ್ಲಿಸಿದ್ದಾಳೆ, ಕಟ್ಟೆಯ ಬಾಗಿಲು ತೆಗೆಯುವವರೆಗೆ ಗಾಳಿಯಲ್ಲಿ ಅಲ್ಲಾಡದೆ ನಿಲ್ಲಬೇಕು. ಪಕ್ಕದಲ್ಲಿ ಎರಡೇ ಹುಣಸೆಬೀಜ. ಕವಡೆ ಒಗೆದಳು. ಒಂದೇ ಬಾಯಿ ಮೇಲಾಯಿತು. ಹುಲುಗೇಶ ಒಂದು ಬೀಜ ಎತ್ತಿಕೊಂಡ.

'ಮ್ಯಾಲಕ್ಕೇರಿಸಕ್ಕಾ!' ಅಂದ ಗವಿಸಿದ್ದೇಶ.

'ಏರಿದ್ರ ನಿಲ್ಲಾಕ ಆಗಂಗಿಲ್ಲ. ಗಾಳಿ ಬಂಡಿನ್ನ ಕಟ್ಟೆಗೆ ಹೊಡಸ್ತತಿ' ಅಂದಳು ಮೇಘಾ. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಲೆಕ್ಕ ತಪ್ಪುವ ಪೈಕಿ ಅಲ್ಲ. 'ನಿಲ್ಲಾದೊಂದ ದಾರಿ. ಒಗಿ ಪ್ರಿಯಕ್ಕ.'

ಪ್ರಿಯಾ ಕವಡೆ ಎತ್ತಿಕೊಂಡಳು. ಹುಲುಗೇಶ ಕಥೆ ಹೇಳುವುದರಲ್ಲಿ ಪಾಪಿ. ದನಿ ತಗ್ಗಿಸಿ, 'ಬಂಡಿ ತಳ ಮಂಜಿಗೆ ತಾಗಾಕತೈತಿ. ಹಿಂದ ಒಂದು ಕೂಸು ಅವ್ವಾ ಅಂತ ಅಳಾಕತೈತಿ. ನಾಯಕಿ ಏನಂತಾಳ?' ಅಂದ.

ನಾಯಕಿ ಏನನ್ನಬೇಕಿತ್ತು? ಇಂಜಿನ್ ಜೋರು ಮಾಡು ಅನ್ನಬಹುದಿತ್ತು, ಹಗ್ಗ ಒಗೀರಿ ಅನ್ನಬಹುದಿತ್ತು. ಪ್ರಿಯಾಳ ಬೆರಳು ಮುಚ್ಚಳದ ಮೇಲಿತ್ತು, ಇನ್ನೊಂದು ಕೈ ಕವಡೆ ಹಿಡಿದು ಹೊಟ್ಟೆಗೆ ಒತ್ತಿತ್ತು. ಬಾಯಿ ತೆರೆಯಿತು, ಮಾತು ಬಂತು:

'ಗುಡ್ಡದ ತಾಯೀ, ಈ ಮಕ್ಕಳನ್ನ ಉಳಿಸವ್ವಾ. ಬಸುರಾಗಿಂದು ಹೆಣ್ಣಾದ್ರ ನಿನ್ನ ಪಾದಕ್ಕ ಬಿಡ್ತೀನಿ.'

ಕವಡೆ ಉರುಳಿದವು. ಆರಕ್ಕೆ ಆರೂ ಬಾಯಿ ಮೇಲು.

ಗವಿಸಿದ್ದೇಶ 'ಹೋ!' ಅಂತ ಎದ್ದು ನಿಂತ. ಮೇಘಾ ಚಪ್ಪಾಳೆಗೆ ಕೈ ಎತ್ತಿದವಳು ಹಾಗೇ ಉಳಿದಳು. ಮಂಡಕ್ಕಿ ತಟ್ಟೆಗೆ ನೊಣ ಮುತ್ತುತ್ತಿದ್ದರೂ ಓಡಿಸುವವರಿಲ್ಲ.

'ಆಟ ಅಲ್ಲೇನು, ಬಿಡ್ರಿ' ಅಂದಳು ಮೇಘಾ ಕೊನೆಗೆ.

'ಆಟಾನ. ಆದ್ರ ಹಂಗ ಅನ್ನಬಾರದಿತ್ತಕ್ಕಾ' ಅಂದ ಗವಿಸಿದ್ದೇಶ. ಮಾತು ತಿರುಗಿಸುವುದರಲ್ಲಿ ಹುಲಿಯಾದವನ ಮುಖವೇ ಬಿಳಿಚಿಕೊಂಡಿತ್ತು.

ಇದು ಯಾಕೆ ಅಂತ ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳುತ್ತೇನೆ. ಹಿಂದೆ ಕಷ್ಟ ಬಂದರೆ ಬಡವರು ದೇವಿಗೆ ಹರಕೆ ಹೊರುತ್ತಿದ್ದರು. ಕೊಡಲು ಕುರಿ ಇಲ್ಲದವರು, ಹೊಲ ಇಲ್ಲದವರು, ಹೆಣ್ಣು ಕೂಸನ್ನೇ ಮುಡಿಪು ಬಿಡುತ್ತಿದ್ದರು. ಬಿಟ್ಟ ಹುಡುಗಿಗೆ ಕೊರಳಿಗೆ ಮುತ್ತು ಕಟ್ಟುತ್ತಿದ್ದರು. ಮದುವೆ ಇಲ್ಲ, ಮನೆ ಇಲ್ಲ, ಊರ ದೊಡ್ಡವರು ಬಾಗಿಲು ಬಡಿದರೆ ಇಲ್ಲ ಅನ್ನುವಂತಿಲ್ಲ. ಸರ್ಕಾರ ಅದನ್ನು ನಿಲ್ಲಿಸಿ ಕಾನೂನು ಮಾಡಿ ಬಹಳ ಕಾಲವಾಯಿತು. ಆದರೆ ಪ್ರಿಯಾಳ ಅಜ್ಜಿ ಹುಲುಗಮ್ಮ ಹಾಗೆ ಬಿಟ್ಟ ಹೆಣ್ಣು. ಅಜ್ಜಿಯ ಅವ್ವ ಹೊತ್ತ ಹರಕೆಯ ಮಾತೂ ಇದೇ, 'ಬಸುರಾಗಿಂದು' ಅನ್ನುವಲ್ಲಿಂದ ಅಕ್ಷರಕ್ಕೆ ಅಕ್ಷರ ಇದೇ. ಚಿಕ್ಕಂದಿನಲ್ಲಿ ಅಜ್ಜಿಯ ಬಾಯಲ್ಲೇ ಕೇಳಿದ್ದ ಮಾತು ಪ್ರಿಯಾಳ ಹೊಟ್ಟೆಯೊಳಗೆ ಎಲ್ಲಿ ಕೂತಿತ್ತೋ, ಭಯ ಬಂದ ಗಳಿಗೆಯಲ್ಲಿ ನಾಲಿಗೆಗೆ ಬಂದುಬಿಟ್ಟಿತು.

ಹುಲುಗೇಶ ಕವಡೆ, ಮುಚ್ಚಳ ಎಲ್ಲಾ ಡಬ್ಬಿಗೆ ತುಂಬಿದ. 'ಬೆರಳಿನ ಕಾಯ್ದೆ ರದ್ದು. ಇನ್ನೊಮ್ಮೆ ಒಗೆದ್ರಾತು' ಅಂದ.

'ಬಂದದ್ದು ಬಂತಲ್ಲ. ಆರೂ ಬಂದ್ವು' ಅಂದಳು ಪ್ರಿಯಾ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ. ಅಂದಿನಿಂದ ಅವಳಿಗೆ ನಿದ್ದೆ ಹತ್ತಲಿಲ್ಲ, ಅನ್ನ ಇಳಿಯಲಿಲ್ಲ. ಹುಲುಗೇಶನಿಗೆ ಅವಳ ಭಯದ ತಲೆಬುಡ ತಿಳಿಯಲಿಲ್ಲ. ಪಾಪ, ಅವನ ತಪ್ಪಲ್ಲ. ಅವನಪ್ಪ ಬುದ್ಧನ ದೀಕ್ಷೆ ತಗೊಂಡ ದಿನವೇ ಅವರ ಮನೆಯಿಂದ ಹರಕೆ, ಕಾಯಿ, ಕುರಿ ಎಲ್ಲಾ ಹೊರಬಿದ್ದಿದ್ದವು. ದೇವಿಯ ಹೆಸರಿನದು ಮಗನ ಹೆಸರೊಂದೇ ಉಳಿದಿತ್ತು, ಅದೂ ಶಾಲೆಯ ದಾಖಲಾತಿಯಲ್ಲಿ ಬಿದ್ದಿತ್ತು ಅಂತ.

'ಯಾರು ಬರ್ತಾರ ನಿನ್ನ ಮಗಳನ್ನ ಕೇಳಾಕ? ಬರ್ಲಿ ನೋಡೋಣು! ಪೊಲೀಸ್ರಿಗೆ ಹಿಡಿದು ಕೊಡ್ತೀನಿ' ಅಂತ ರೇಗಿದ.

'ಯಾರೂ ಬರಂಗಿಲ್ಲರೀ. ಅದು ನನಗೂ ಗೊತ್ತು.'

'ಮತ್ಯಾಕ ಅಳ್ತಿ?'

'ನಾ ಕೊಡಂಗಿಲ್ಲ. ಸತ್ರೂ ಕೊಡಂಗಿಲ್ಲ. ಕೊಡದಿದ್ರ ಆ ತಾಯೀನ ತಗಂತಾಳ. ಹಿಂದಿಂದು ತಗಂಡಂಗ.'

ಅತ್ತ ದರಿ, ಇತ್ತ ಹುಲಿ. ಎಂಥಾ ಮೋಟಾರಾದರೂ ಬಿಚ್ಚಿ ಸರಿಮಾಡುವವನಿಗೆ ಇದನ್ನು ಎಲ್ಲಿಂದ ಬಿಚ್ಚಬೇಕೋ ಗೊತ್ತಾಗಲಿಲ್ಲ.

ಹೆದರಿದವರ ಕಣ್ಣಿಗೆ ಎಲ್ಲೆಲ್ಲೂ ಅದೇ. ಸ್ಟೇಷನ್ನಿನಲ್ಲಿ ಕೂತಾಗ ಒಂದು ದಿನ ಕಿಟಕಿಯ ಕಂಡಿಯಲ್ಲಿ ಅರಿಶಿನ ಮೆತ್ತಿದ ಕೈ ಬಂತು. ತಲೆಯ ಮೇಲೆ ದೇವಿಯ ಬುಟ್ಟಿ ಹೊತ್ತ ಜೋಗಮ್ಮ, ಹರಿಹರಕ್ಕೆ ಟಿಕೆಟ್ ಕೇಳಿದಳು. ಚಿಲ್ಲರೆ ತಗೊಳ್ಳುತ್ತಾ ಪ್ರಿಯಾಳ ಹೊಟ್ಟೆ ಕಡೆ ನೋಡಿ, 'ತಾಯಿ ಉಡಿ ತುಂಬ್ಯಾಳ ಮಗಳ. ತಾಯಿನ್ನ ಮರೀಬ್ಯಾಡ' ಅಂದಳು. ಊರೂರಲ್ಲಿ ಬಸುರಿ ಕಂಡಾಗೆಲ್ಲಾ ಆಕೆ ಅನ್ನುವ ಮಾತೇ ಅದು. ಪ್ರಿಯಾ ಮುಂದಿನ ಗಿರಾಕಿಗೆ ಹೊಸಪೇಟೆ ಬದಲು ಹರಿಹರದ ಟಿಕೆಟ್ ಹರಿದು ಕೊಟ್ಟಳು. ಅವನು ಬೈದ. ಬೈಗಳೂ ಅವಳ ಕಿವಿಗೆ ಹೋಗಲಿಲ್ಲ.

ಆ ವಾರದಲ್ಲೇ ಸೀರೆಗೆ ರಕ್ತದ ಕಲೆ ಕಂಡಿತು.

ಆಸ್ಪತ್ರೆಯ ದಾರಿಯುದ್ದ ಅವಳು ಅಳಲಿಲ್ಲ, ಹುಲುಗೇಶನ ತೋಳಿಗೆ ಉಗುರು ಊರಿ ಕೂತಿದ್ದಳು. ಡಾಕ್ಟ್ರಮ್ಮ ನೋಡಿ, ಕೂಸಿನ ಎದೆಬಡಿತ ಚೆನ್ನಾಗಿದೆ, ಕಲೆ ಕೆಲವರಿಗೆ ಕಾಣುತ್ತದೆ, ವಿಶ್ರಾಂತಿ ತಗೋ ಅಂದರು. ಕೂಸು ಹೆಣ್ಣೋ ಗಂಡೋ? ಅದನ್ನು ಕೇಳುವಂತೆಯೂ ಇಲ್ಲ, ಹೇಳುವಂತೆಯೂ ಇಲ್ಲ. ಮನೆಗೆ ಬಂದು ಮಲಗಿದವಳು ಗೋಡೆ ಕಡೆ ತಿರುಗಿ 'ಗಂಡಾಗ್ಲಿ, ಗಂಡಾಗ್ಲಿ' ಅಂತ ಬೇಡಿಕೊಂಡಳು. ಮರುಕ್ಷಣವೇ, ಒಳಗಿರುವುದು ಹೆಣ್ಣಾಗಿದ್ದು ಕೇಳಿಸಿಕೊಂಡರೆ ಏನಂದುಕೊಂಡೀತು ಅಂತ ನಾಚಿಕೆಯಾಗಿ, ಹೊಟ್ಟೆ ಸವರಿಕೊಂಡು ಅತ್ತಳು.

'ನನ್ನ ಅಜ್ಜಿ ಹಂತೇಕ ಕರ್ಕೊಂಡು ಹೋಗ್ರಿ' ಅಂದಳು. ಹರಪನಹಳ್ಳಿಯಲ್ಲಿರುವ ಅವ್ವ ನಾಗಕ್ಕನಿಗೆ ಹೇಳುವಂತಿರಲಿಲ್ಲ. ಬಿಪಿ ಇದ್ದ ಹೆಂಗಸು, ಎದೆ ಒಡಕೊಂಡಾಳು. ಡಾಕ್ಟ್ರಮ್ಮ ಓಡಾಡಬಹುದು ಅಂದ ಮೇಲೆ ಗಂಡ ಹೆಂಡತಿ ಬಸ್ಸು ಹತ್ತಿದರು. ಹಾದಿಯಲ್ಲಿ ಪ್ರತಿ ಗುಂಡಿಗೂ ಹುಲುಗೇಶ ಡ್ರೈವರನ ಮೇಲೆ ಹರಿಹಾಯ್ದ.

ಉಚ್ಚಂಗಿದುರ್ಗದ ಹತ್ತಿರದ ಊರಲ್ಲಿ, ಸೋದರಮಾವ ಸಂಜೀವನ ಮನೆಯಲ್ಲಿ ಅಜ್ಜಿ ಇದ್ದಳು. ಸಂಜೀವ ಅಳಿಯನನ್ನು ಹೊಲದ ಬೋರು ತೋರಿಸಲು ಕರಕೊಂಡು ಹೋದ. ಹುಲುಗಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದಳು. ಮೊಮ್ಮಗಳನ್ನು ಬಾಗಿಲಲ್ಲಿ ಕಂಡ ಕೂಡಲೇ ಅವಳ ಮಡಿಲಿಂದ ಮೊರ ಜಾರಿ, ಕಾಳೆಲ್ಲಾ ನೆಲಕ್ಕೆ ಚೆಲ್ಲಿದವು.

'ಏನಾತು? ಕೂಸು ಐತಿಲ್ಲೋ?' ಅಂದಳು. ಬಾ ಅನ್ನಲಿಲ್ಲ, ಕೂಡು ಅನ್ನಲಿಲ್ಲ.

'ಐತಜ್ಜಿ' ಅಂದು ಪ್ರಿಯಾ ಅಲ್ಲೇ ಕುಸಿದು ಎಲ್ಲಾ ಹೇಳಿದಳು. ಅಜ್ಜಿ ತಡೆತಡೆದು ಕೇಳಿದಳು. ಬಂಡಿ ಅಂದ್ರ ಎಂಥಾದ್ದು? ಗಾಲಿ ಇಲ್ಲೇನು? ನಿಂತ್ರ ಯಾಕ ಜಾರ್ತೈತಿ? ಪ್ರಿಯಾ ಅಳುತ್ತಳುತ್ತಲೇ ಹುಣಸೆಬೀಜದ ಕಾಯ್ದೆ, ಮೂತಿಯ ಕಾಯ್ದೆ, ಬೆರಳಿನ ಕಾಯ್ದೆ ಎಲ್ಲಾ ಬಿಡಿಸಿ ಹೇಳಬೇಕಾಯಿತು.

'ಬಿದ್ದಿದ್ರ ಯಾರು ಸಾಯ್ತಿದ್ರು?'

'ಯಾರೂ ಇಲ್ಲಜ್ಜಿ. ಅದು ಬಾಟ್ಲಿ ಮುಚ್ಚಳ.'

'ಹುಚ್ಚಿ' ಅಂದಳು ಅಜ್ಜಿ. ಆದರೆ ನಗಲಿಲ್ಲ. ಚೆಲ್ಲಿದ ಕಾಳು ಒಂದೊಂದೇ ಆರಿಸಿ ಮೊರಕ್ಕೆ ಹಾಕತೊಡಗಿದಳು.

'ನಮ್ಮವ್ವ ಯಾಕ ಹರಕಿ ಹೊತ್ತಿದ್ಲು, ಗೊತ್ತೈತಿಲ್ಲ?'

'ನಿಮ್ಮಣ್ಣಗ ಜ್ವರ ಬಂದಿತ್ತಂತ. ಉಳೀಲಿ ಅಂತ.'

'ಹ್ಞೂಂ. ಉಳೀಲಿಲ್ಲ ಅವ.'

ಪ್ರಿಯಾ ತಲೆಯೆತ್ತಿದಳು. ಈ ಮಾತನ್ನು ಅಜ್ಜಿ ಯಾವತ್ತೂ ಹೇಳಿರಲಿಲ್ಲ.

'ಹರಕಿ ಹೊತ್ತ ಮೂರ್ನಾಕು ದಿನಕ್ಕ ಸತ್ತ. ಆದ್ರೂ ನನ್ನ ಬಿಟ್ರು. ಯಾಕವ್ವಾ ಅಂತ ದೊಡ್ಡಾಕ್ಯಾದ ಮ್ಯಾಲೆ ಕೇಳಿನಿ. ಬಿಡ್ಲಿಲ್ಲಂದ್ರ ಉಳಿದ ಮಕ್ಕಳನ್ನೂ ತಗಂಡಾಳು ಅಂತ ಅಂಜಿಕಿ ಬಂತಂತ ಆಕಿಗೆ. ಅಂಜಿ ಕೊಟ್ಲು. ತಾಯಿ ಬಂದು ಕೇಳ್ಲಿಲ್ಲ, ನೋಡವ್ವ. ಬಂದೋರೆಲ್ಲಾ ಮನಷ್ಯಾರ.'

ಹೊರಗೆ ಯಾರೋ ಆಡು ಹೊಡೆದುಕೊಂಡು ಹೋದರು. ಅಜ್ಜಿ ಬಾಗಿಲ ಕಡೆಗೊಮ್ಮೆ ನೋಡಿ ಮೊರ ಬದಿಗೆ ಸರಿಸಿದಳು.

'ನಿಮ್ಮವ್ವ ಹುಟ್ಟಿದಾಗ ಮನಿ ಹಿರೇರು ಬಂದ್ರು. ಬಿಟ್ಟಾಕಿ ಹೊಟ್ಟ್ಯಾಗ ಹುಟ್ಟಿದ್ದು, ಇದನ್ನೂ ಬಿಡಬೇಕು, ತಾಯಿಗೆ ಮಾತು ಕೊಟ್ಟೀವಿ ಅಂದ್ರು. ನಾನು ಆತು ಅಂದೆ. ತಾಯಿ ಮುಂದ ನಿಂತು, ಆತವ್ವಾ ಅಂತ ಬಾಯ್ಬಿಟ್ಟು ಅಂದೆ. ವಯಸ್ಸಿಗೆ ಬರ್ಲಿ ಅಂತ ಸಾಗ ಹಾಕಿ, ಒಂದಿನ ಹರಪನಹಳ್ಳಿಗೆ ಕರ್ಕೊಂಡು ಹೋಗಿ ಹಾಸ್ಟೆಲ್ಲಿಗೆ ಸೇರಿಸಿ ಬಂದೆ. ನಾಗಿಗೆ ಇವತ್ತಿಗೂ ಇದು ಗೊತ್ತಿಲ್ಲ. ನೀ ಆಟದಾಗ ಅಂದಿ. ನಾ ಆಟದಾಗ ಅಂದಿದ್ದಲ್ಲ.'

'ಏನೂ ಆಗ್ಲಿಲ್ಲಲ್ಲಜ್ಜಿ ಮತ್ತ? ಅವ್ವ ಚಲೋ ಅದಾಳ.' ಪ್ರಿಯಾ ಅಜ್ಜಿಯ ಕೈ ಹಿಡಿದಳು. 'ಏನೂ ಆಗ್ಲಿಲ್ಲ ಅಂದ್ರ ಹೆದರಿಕಿ ಹೋತಲ್ಲ ನಿಂದು?'

ಅಜ್ಜಿ ಮೊಮ್ಮಗಳ ಮುಖವನ್ನೇ ನೋಡಿದಳು.

'ಹೋಗಲಿಲ್ಲವ್ವ. ನಾಗಿಗೆ ದಡಾರ ಎದ್ದಾಗ, ಈಗ ಬಂತು ಅಂದ್ಕಂಡೆ. ಆಕಿ ಮದುವಿ ದಿನ ಗಾಳಿಗೆ ಹಂದರ ಹಾರಿದಾಗ, ಈಗ ಬಂತು ಅಂದ್ಕಂಡೆ. ನೀ ಹುಟ್ಟೂ ಮುಂದ ಆಕಿ ಕಣ್ಣು ಮ್ಯಾಲೆ ಮಾಡಿದಾಗ ಅಂದ್ಕಂಡೆ. ಹೋದ ವರ್ಷ ನಿಂದು ನಿಲ್ಲದ ಹೋದಾಗ...' ಅಜ್ಜಿ ಮೊಮ್ಮಗಳ ಹೊಟ್ಟೆಯ ಮೇಲೆ ಕೈಯಿಟ್ಟಳು. 'ಅಯ್ಯೋ, ನನ್ನ ಪಾಲಿಂದು ಈ ಕೂಸಿನ ಹೊಟ್ಟಿಗೆ ಬಂತಲ್ಲಾ ಅಂತ ಗೋಡಿಗೆ ತಲಿ ಬಡ್ಕಂಡೆ. ಯಾರ ಮುಂದೂ ಹೇಳ್ಲಿಲ್ಲ. ಇವತ್ತು ನೀ ಬಾಗಲಾಗ ಅಳುಮಾರಿ ಹೊತ್ಕೊಂಡು ನಿಂತೆಲ್ಲ? ಮೊರ ಯಾಕ ಬಿತ್ತನ್ನಿ?'

ಧೈರ್ಯ ಕೇಳಲು ಬಂದವಳು ಪ್ರಿಯಾ. ಅಜ್ಜಿ ಒಂದು ತೆಂಗಿನಕಾಯಿ ಒಡೆದು, ಹೋಗು ಎಲ್ಲಾ ತೀರಿತು ಅಂದುಬಿಡುತ್ತಾಳೆ ಅಂತ ಬಸ್ಸಿನುದ್ದಕ್ಕೂ ಕನಸು ಕಂಡಿದ್ದಳು. ಈಗ ನೋಡಿದರೆ ಅಜ್ಜಿಯ ಎದೆಯಲ್ಲೇ ಅವಳಿಗಿಂತ ಹಳೆಯ ಭಯ ಕೂತಿತ್ತು.

'ಅಂದ್ರ ಅಜ್ಜಿ, ಹಿಂದಿಂದು ಹೋದದ್ದು ಅದಕ್ಕೇನು?'

'ಡಾಕ್ಟ್ರು ಅಲ್ಲಂದ್ರಂತಲ್ಲ. ಅಲ್ಲ ಅಂತ ನಾನೂ ಅಂತೀನಿ. ಜೀವ ಕೇಳಬೇಕಲ್ಲ?'

'ನನ್ನ ಜೀವಾನೂ ಕೇಳವಲ್ದು.'

'ಕೇಳಂಗಿಲ್ಲ ಅದು. ಹೆದರ್ಕ್ಯಾ. ಹೆದರಬ್ಯಾಡ ಅಂತ ನಾ ಹೇಳಂಗಿಲ್ಲ, ಹೇಳಿದ್ರ ನನ್ನ ಬಾಯಾಗ ಹುಳ ಬೀಳ್ತಾವ. ನಮ್ಮವ್ವನೂ ಹೆದರಿದ್ಲು, ನಾನೂ ಹೆದರಿದೆ. ಆಕಿ ಹೆದರಿ ಕೊಟ್ಲು. ನಾ ಹೆದರಿಕೊಂತಾನ ಇಟ್ಕಂಡೆ.' ಅಜ್ಜಿ ಸೆರಗಿನಿಂದ ಮೊಮ್ಮಗಳ ಮೂಗು ಒರೆಸಿದಳು, ಚಿಕ್ಕ ಕೂಸಿಗೆ ಒರೆಸಿದ ಹಾಗೆ. 'ಎಷ್ಟು ಬೇಕಾದ್ರೂ ಹೆದರು. ಕೊಡಬ್ಯಾಡ.'

ಆಮೇಲೆ ಇಬ್ಬರೂ ಕಾಳು ಆರಿಸಿದರು. ಸಂಜೀವನ ಹೆಂಡತಿ ರೊಟ್ಟಿ ತಟ್ಟಿ ಕರೆದಾಗ ಪ್ರಿಯಾ ಒಂದೂವರೆ ರೊಟ್ಟಿ ಉಂಡಳು, ಬಾಳ ದಿನದ ಮೇಲೆ.

ಭಯ ಹೋಯಿತೇ ಅಂದರೆ, ಎಲ್ಲಿ ಹೋದೀತು? ಏಳರಲ್ಲೂ ಹೆದರಿದಳು, ಎಂಟರಲ್ಲೂ ಹೆದರಿದಳು. ಕೂಸು ಅಲ್ಲಾಡಿದರೆ ಯಾಕೆ ಅಲ್ಲಾಡಿತು ಅಂತ, ಅಲ್ಲಾಡದಿದ್ದರೆ ಯಾಕೆ ಸುಮ್ಮನಾಯಿತು ಅಂತ. ಭಾನುವಾರ ಬಂದರೆ ಹುಲುಗೇಶ ಡಬ್ಬಿ ತೆಗೆಯಲಿಲ್ಲ, ಅವಳ ಕಾಲು ಒತ್ತುತ್ತಾ ಕೂತ. ಗವಿಸಿದ್ದೇಶ, ಮೇಘಾ ಬಂದು ಮಂಡಕ್ಕಿ ತಿಂದು, ಊರ ಸುದ್ದಿ ಹೇಳಿ ಹೋಗುತ್ತಿದ್ದರು.

ದಿನ ತುಂಬಿ ಆಸ್ಪತ್ರೆಗೆ ಸೇರಿದಾಗ ಅಜ್ಜಿ ಹುಲುಗಮ್ಮ ಬಂದು ಹೆರಿಗೆ ಕೋಣೆಯ ಹೊರಗೆ ಗೋಡೆಗೊರಗಿ ಕೂತಳು. ಯಾರು ಚಹಾ ಕೊಟ್ಟರೂ ಮುಟ್ಟಲಿಲ್ಲ. ಒಳಗಿಂದ ಕೂಸು ಅತ್ತ ಸದ್ದು ಬಂದಾಗ ನಾಗಕ್ಕ ಎದ್ದು ಓಡಿದಳು. ಅಜ್ಜಿ ಕೂತಲ್ಲಿಂದ ಏಳಲಿಲ್ಲ.

ಹೆಣ್ಣು.

ವಾರ್ಡಿಗೆ ತಂದ ಮೇಲೆ ಪ್ರಿಯಾ ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆ ಬದಿಗೆ ಸರಿದು ಮಲಗಿದ್ದಳು. ಕೂಸು ಒಮ್ಮೆ ಸೀನಿತು. ಮಂಚದ ಬಳಿ ಸ್ಟೂಲಿನ ಮೇಲಿದ್ದ ಅಜ್ಜಿ ಬೆಚ್ಚಿಬಿದ್ದಳು, ಪ್ರಿಯಾಳೂ ಬೆಚ್ಚಿದಳು. ಇಬ್ಬರ ಕಣ್ಣೂ ಕೂಡಿದವು.

ಅಷ್ಟರಲ್ಲಿ ನರ್ಸಮ್ಮ ಬಂದು ಎರಡೂ ಕೈ ಚಾಚಿದಳು. 'ಕೊಡವ್ವಾ ಕೂಸಿನ್ನ. ತೂಕ ಹಾಕಿ ತರ್ತೀನಿ.'

'ಕೊಡಂಗಿಲ್ಲ!'

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಹುಲುಗೇಶ ಗಾಬರಿಯಾಗಿ, 'ಪ್ರಿಯಾ, ತೂಕ ನೋಡಾಕಷ್ಟ...' ಅಂದ. ನಾಗಕ್ಕ, 'ಏನಾಗೈತಿ ಈ ಹುಡುಗಿಗೆ?' ಅಂದಳು. ಪ್ರಿಯಾಳ ಮೈ ಗಡಗಡ ನಡುಗುತ್ತಿತ್ತು, ತೋಳು ಮಾತ್ರ ಸಡಿಲಲಿಲ್ಲ.

ಅಜ್ಜಿ ಸ್ಟೂಲು ಹಿಡಿದುಕೊಂಡು ಎದ್ದು, ನರ್ಸಮ್ಮನಿಗೂ ಮಂಚಕ್ಕೂ ನಡುವೆ ಬಂದು ನಿಂತಳು.

'ಆಕಿ ಕೊಡಂಗಿಲ್ಲಂತ ಯವ್ವಾ' ಅಂದಳು. 'ನಿನ್ನ ತಕ್ಕಡೀನ ಇಲ್ಲಿಗೆ ತಗಂಬಾ.'

ನರ್ಸಮ್ಮ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಗೊಣಗುತ್ತಾ ತಕ್ಕಡಿ ತರಲು ಹೋದಳು.